ಅತ್ತೆಯ ಕಣ್ಣಿಗೂ ನನ್ನ ಹಣೆಗೂ ಒಂದೇ ಬೋಟಾಕ್ಸ್ ವಯಲ್ ಆಗುತ್ತದಾ?

ಡೊಂಬಿವಲಿ ದಾಸವಾಳ:

ಅತ್ತೆಗೆ 61 ವರ್ಷ. ಎಡಗಣ್ಣಿನ ರೆಪ್ಪೆ ಅದುರೋದು ಶುರುವಾಗಿ ಎರಡು ವರ್ಷ ಆಯಿತು. ಹೆಂಗಸರಿಗೆ ಎಡಗಣ್ಣು ಅದುರಿದರೆ ಶುಭ ಅಂತ ಮನೆಯಲ್ಲಿ ಯಾರೂ ಗಮನ ಕೊಡಲಿಲ್ಲ. ಈಗ ಕಣ್ಣು ಮುಚ್ಚಿಕೊಳ್ಳುವಾಗ ಕೆನ್ನೆ, ಬಾಯಿಯ ಎಡತುದಿ ಕೂಡ ಒಟ್ಟಿಗೇ ಎಳೆಯುತ್ತದೆ, ನಿದ್ದೆಯಲ್ಲೂ ನಿಲ್ಲುವುದಿಲ್ಲ. ನರರೋಗ ತಜ್ಞರು ಹೆಮಿಫೇಶಿಯಲ್ ಸ್ಪಾಸಂ (ಮುಖದ ಒಂದು ಬದಿಯ ಸೆಳೆತ) ಅಂದರು. ಎಂಆರ್‌ಐ ಆಗಿದೆ, ಗಡ್ಡೆ ಇಲ್ಲ. ಸ್ನಾಯು ಸಡಿಲಿಸುವ ಬೋಟಾಕ್ಸ್ ಇಂಜೆಕ್ಷನ್‌ನ 100 ಯೂನಿಟ್ ವಯಲ್ (ಪುಟ್ಟ ಸೀಸೆ) ತರಬೇಕಂತೆ, ಅದರಲ್ಲಿ ಕಾಲು ಭಾಗ ಸಾಕಂತೆ. ಅತ್ತೆ ಹೃದಯಕ್ಕೆ ಇಕೋಸ್ಪ್ರಿನ್ 75 (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್ ಮಾತ್ರೆ) ತಗೊಳ್ಳುತ್ತಾರೆ.

ನನಗೆ 43. ಹಣೆಯ ಮೇಲೆ ಅಡ್ಡಗೆರೆಗಳು ಬಂದಿವೆ. ಠಾಣೆಯ ಒಂದು ಪಾರ್ಲರ್‌ನಲ್ಲಿ "ಹಣೆ ಮಾತ್ರ" ಅಂತ ಕಡಿಮೆ ದರದ ಪ್ಯಾಕೇಜ್ ಇದೆ. ಅದರ ಬದಲು ಅತ್ತೆಯ ವಯಲ್‌ನಲ್ಲಿ ಉಳಿಯುವ ಮುಕ್ಕಾಲು ಭಾಗವನ್ನು ಫ್ರಿಜ್‌ನಲ್ಲಿಟ್ಟು ನಾನೇ ಯಾರಾದರೂ ಡಾಕ್ಟರ ಹತ್ತಿರ ಹಾಕಿಸಿಕೊಳ್ಳಬಹುದಾ? ಎರಡೂ ಒಂದೇ ಔಷಧಿನಾ? ರೆಪ್ಪೆ ಜೋತುಬಿದ್ದರೆ ಏನು ಮಾಡೋದು? ತಿಳಿದವರು ವಿವರವಾಗಿ ಬರೆಯಿರಿ, ದಯವಿಟ್ಟು.

ಚರ್ಮವೈದ್ಯೆ, ಪುಣೆ:

ವಯಲ್ ಹಂಚಿಕೊಳ್ಳುವ ವಿಚಾರ ಬಿಟ್ಟುಬಿಡಿ. ಸಲೈನ್ ಬೆರೆಸಿದ ಮೇಲೆ ಬೋಟಾಕ್ಸನ್ನು 2ರಿಂದ 8 ಡಿಗ್ರಿಯಲ್ಲಿಟ್ಟು 24 ಗಂಟೆಯೊಳಗೆ ಬಳಸಬೇಕು, ಒಂದು ವಯಲ್ ಒಬ್ಬರಿಗೆ ಮಾತ್ರ ಎಂದು ಔಷಧಿಯ ಜೊತೆ ಬರುವ ಚೀಟಿಯಲ್ಲೇ ಇದೆ. ಬೆರೆಸುವ ಸಲೈನ್‌ನಲ್ಲಿ ಸಂರಕ್ಷಕ ಇರುವುದಿಲ್ಲ. ಹಲವು ಸಲ ಸೂಜಿ ಹೊಕ್ಕ ವಯಲ್ ಮನೆಯ ಫ್ರಿಜ್‌ನಲ್ಲಿ ಸಾರು, ಮೊಸರಿನ ಪಕ್ಕ ಕೂತರೆ ಸೋಂಕನ್ನು ತಡೆಯುವಂಥದ್ದು ಅದರೊಳಗೆ ಏನೂ ಇಲ್ಲ.

ಔಷಧಿ ಮಾತ್ರ ಎರಡಕ್ಕೂ ಒಂದೇ: ಬೊಟುಲಿನಂ ಟಾಕ್ಸಿನ್ ಎ. ನರದ ತುದಿಯಿಂದ ಸ್ನಾಯುವಿಗೆ ಬಿಗಿಯಾಗಲು ಹೇಳುವ ರಾಸಾಯನಿಕ ಅಸಿಟೈಲ್‌ಕೋಲಿನ್. ಈ ಟಾಕ್ಸಿನ್ ನರತುದಿಯೊಳಗೆ ಹೋಗಿ ಸ್ನ್ಯಾಪ್-25 ಎಂಬ ಪ್ರೋಟೀನನ್ನು ತುಂಡರಿಸುತ್ತದೆ. ಅದಿಲ್ಲದೆ ಅಸಿಟೈಲ್‌ಕೋಲಿನ್ ಹೊರಗೆ ಬರಲಾರದು. ಸ್ನಾಯು ಸಾಯುವುದಿಲ್ಲ, ಅಪ್ಪಣೆ ಸಿಗದೆ ಸುಮ್ಮನಿರುತ್ತದೆ. ಮೂರು ನಾಲ್ಕು ತಿಂಗಳಲ್ಲಿ ನರ ಚೇತರಿಸಿಕೊಂಡಂತೆ ಎಲ್ಲ ಮೊದಲಿನಂತಾಗುತ್ತದೆ. ನಿಮ್ಮ ಅತ್ತೆಗೆ ಹೇಳಿ, ಇದು ಹುಟ್ಟಿದ್ದು ಸೌಂದರ್ಯಕ್ಕಾಗಿ ಅಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಕಣ್ಣಿನ ವೈದ್ಯ ಅಲನ್ ಸ್ಕಾಟ್ ಮೆಳ್ಳೆಗಣ್ಣಿಗೆಂದು ಇದನ್ನು ರೂಢಿಸಿದರು. ಅಮೆರಿಕದಲ್ಲಿ 1989ರಲ್ಲಿ ಒಪ್ಪಿಗೆ ಸಿಕ್ಕಿದ್ದೂ ಮೆಳ್ಳೆಗಣ್ಣಿಗೆ ಮತ್ತು ರೆಪ್ಪೆಯ ಸೆಳೆತಕ್ಕೆ. ರೆಪ್ಪೆ ಸೆಳೆತಕ್ಕೆ ಹಾಕಿಸಿಕೊಂಡವರ ಹುಬ್ಬಿನ ನಡುವಿನ ಗೆರೆಗಳೂ ಮಾಯವಾಗುವುದನ್ನು ಕೆನಡಾದ ಕಣ್ಣಿನ ವೈದ್ಯೆ ಜೀನ್ ಕಾರುಥರ್ಸ್ ಗಮನಿಸಿದರು. ಅವರೂ ಚರ್ಮವೈದ್ಯರಾದ ಪತಿ ಅಲಸ್ಟೇರ್ ಅವರೂ ಅದನ್ನು 1992ರಲ್ಲಿ ಪ್ರಕಟಿಸಿದರು. ಸುಕ್ಕಿಗೆ ಒಪ್ಪಿಗೆ ಬಂದದ್ದು 2002ರಲ್ಲಿ.

ಈಗ ನಿಮ್ಮ ಹಣೆಯ ವಿಷಯ. "ಹಣೆ ಮಾತ್ರ" ಎಂಬ ಪ್ಯಾಕೇಜೇ ನನಗೆ ಸರಿ ಕಾಣುವುದಿಲ್ಲ. ಹುಬ್ಬನ್ನು ಮೇಲೆತ್ತುವ ಸ್ನಾಯು ಹಣೆಯಲ್ಲಿರುವುದು ಒಂದೇ, ಫ್ರಂಟಾಲಿಸ್. ಹುಬ್ಬನ್ನು ಕೆಳಗೆಳೆಯುವ ಸ್ನಾಯುಗಳು ಹುಬ್ಬಿನ ನಡುವೆ ಮತ್ತು ಕಣ್ಣಿನ ಸುತ್ತ ಇವೆ. ಎತ್ತುವುದನ್ನು ಮಾತ್ರ ಸುಮ್ಮನಾಗಿಸಿ ಎಳೆಯುವುದನ್ನು ಹಾಗೇ ಬಿಟ್ಟರೆ ಹುಬ್ಬು ಭಾರವಾಗಿ ಕೆಳಗೆ ಕೂರುತ್ತದೆ. ಅದಕ್ಕೇ ಬೋಟಾಕ್ಸ್‌ನ ಅಂಗೀಕೃತ ಪ್ರಮಾಣದಲ್ಲಿ ಹಣೆಗೆ 20 ಯೂನಿಟ್ ಹಾಕುವಾಗ ಹುಬ್ಬಿನ ನಡುವಿಗೂ 20 ಯೂನಿಟ್ ಜೊತೆಗೇ ಹಾಕಬೇಕೆಂದಿದೆ. ಎರಡೂ ಕಡೆ ಐದೈದು ಜಾಗ, ಒಂದೊಂದಕ್ಕೆ 4 ಯೂನಿಟ್. 100 ಯೂನಿಟ್ ವಯಲ್‌ಗೆ 2.5 ಮಿಲೀ ಸಲೈನ್ ಬೆರೆಸಿದರೆ 0.1 ಮಿಲೀಯಲ್ಲಿ ಸರಿಯಾಗಿ 4 ಯೂನಿಟ್ ಬರುತ್ತದೆ. ಕಣ್ಣಿನ ಹೊರತುದಿಯ ಗೆರೆಗಳೂ ಬೇಕೆಂದರೆ ಪ್ರತಿ ಬದಿಗೆ 12, ಒಟ್ಟು 24. ಹಣೆ ಚಿಕ್ಕದಿದ್ದರೆ, ಸ್ನಾಯು ತೆಳುವಾಗಿದ್ದರೆ ಅನುಭವಿ ವೈದ್ಯರು ಇದಕ್ಕಿಂತ ಕಡಿಮೆ ಹಾಕುತ್ತಾರೆ, ಅದು ಸರಿಯೇ.

ಹಾಕಿಸುವ ಮುಂಚೆ ಕನ್ನಡಿ ಮುಂದೆ ಒಂದು ಪರೀಕ್ಷೆ ಮಾಡಿ. ಕಣ್ಣು ಮುಚ್ಚಿ ಹಣೆ ಪೂರ್ತಿ ಸಡಿಲಬಿಡಿ, ಬೆರಳಿಂದ ಹುಬ್ಬನ್ನು ಅಲ್ಲೇ ಹಿಡಿದುಕೊಂಡು ನಿಧಾನ ಕಣ್ಣು ತೆರೆಯಿರಿ. ರೆಪ್ಪೆಯ ಚರ್ಮ ಪಾಪೆಯ ಅಂಚಿಗೆ ಬಂದು ಕೂತರೆ, ನಿಮಗೆ ಗೊತ್ತಿಲ್ಲದೆಯೇ ಹಣೆಯ ಸ್ನಾಯು ರೆಪ್ಪೆಯನ್ನು ಎತ್ತಿ ಹಿಡಿದಿದೆ ಎಂದರ್ಥ. ಅಂಥವರಿಗೆ ಹಣೆಗೆ ಹಾಕಿದರೆ ಮೂರು ತಿಂಗಳು ಕಣ್ಣ ಮೇಲೆ ಏನೋ ಹೇರಿದಂತಾಗುತ್ತದೆ. ವಯಸ್ಸಾದಷ್ಟೂ ಇದು ಸಾಮಾನ್ಯ.

ರೆಪ್ಪೆ ಜೋತುಬೀಳುವುದು ಬೇರೆ ತೊಂದರೆ. ಹುಬ್ಬಿನ ನಡುವೆ ಹಾಕಿದ ಔಷಧಿ ಕಣ್ಣಗೂಡಿನೊಳಗೆ ಇಳಿದು ರೆಪ್ಪೆ ಎತ್ತುವ ಲಿವೇಟರ್ ಸ್ನಾಯುವಿಗೆ ತಗುಲಿದಾಗ ಆಗುತ್ತದೆ. ಮೂಳೆಯ ಅಂಚಿನಿಂದ ಕನಿಷ್ಠ 1 ಸೆಂ.ಮೀ. ಮೇಲೆ ಚುಚ್ಚುವುದು, ಹಣೆಯಲ್ಲಿ ಕೆಳಗಿನ ಸಾಲನ್ನು ಹುಬ್ಬಿನಿಂದ ಸುಮಾರು 2 ಸೆಂ.ಮೀ. ಮೇಲಿಡುವುದು ಇದಕ್ಕಾಗಿಯೇ. ಆದರೂ ಆಯಿತೆಂದರೆ ವಾರಗಳಲ್ಲಿ ತಾನಾಗಿ ಸರಿಹೋಗುತ್ತದೆ. ಅಲ್ಲಿಯವರೆಗೆ ಕಣ್ಣಿನ ವೈದ್ಯರು ಅಪ್ರಾಕ್ಲೋನಿಡಿನ್ 0.5 ಶೇಕಡಾ ಹನಿ ಕೊಟ್ಟರೆ ರೆಪ್ಪೆ ಒಂದೆರಡು ಮಿ.ಮೀ. ಏರುತ್ತದೆ. ಟಾಕ್ಸಿನ್ನನ್ನು ಕರಗಿಸುವ ಮದ್ದಿಲ್ಲ. ಚರ್ಮದಡಿ ತುಂಬಲು ಚುಚ್ಚುವ ಹಯಲುರಾನಿಕ್ ಆಸಿಡ್ ಫಿಲ್ಲರ್ ಆದರೆ ಹಯಲುರಾನಿಡೇಸ್ ಎಂಬ ಕಿಣ್ವದಿಂದ ಕರಗಿಸಬಹುದು. ಇವೆರಡನ್ನೂ ಒಂದೇ ಎಂದುಕೊಂಡವರು ತುಂಬ ಜನ. ಹುಬ್ಬಿನ ಹೊರತುದಿ ಮಾತ್ರ ಚೂಪಾಗಿ ಮೇಲೆ ಹೋಯಿತೆಂದರೆ ಗಾಬರಿ ಬೇಡ, ಅಲ್ಲಿ 1ರಿಂದ 2 ಯೂನಿಟ್ ಹಾಕಿದರೆ ಇಳಿಯುತ್ತದೆ.

ಪರಿಣಾಮ ಕಾಣಲು ಮೂರರಿಂದ ಐದು ದಿನ, ಪೂರ್ತಿಯಾಗಲು ಎರಡು ವಾರ. ಮದುವೆ, ಮುಂಜಿಗೆಂದು ಹಾಕಿಸುವವರು ನಾಲ್ಕು ವಾರ ಮುಂಚೆ ಬನ್ನಿ, ತಿದ್ದುಪಡಿಗೆ ಸಮಯ ಬೇಕು. ಹಾಕಿಸಿಕೊಂಡ ದಿನ ಎಣ್ಣೆ ನೀವಿ ತಲೆಸ್ನಾನ ಬೇಡ, ನಾಲ್ಕು ಗಂಟೆ ಮಲಗುವುದು ಬೇಡ, ಹುಬ್ಬಿನ ನಡುವೆ ಕುಂಕುಮ ಒತ್ತಿ ತಿಕ್ಕುವುದು ಬೇಡ. ಇಲ್ಲಿ ಪುಣೆಯಲ್ಲಿ ನಾನು ಹೇಳುವ ಇನ್ನೊಂದು ಮಾತು: ಬಿಗಿ ಹೆಲ್ಮೆಟ್ ಹಾಕಿಕೊಂಡು ಸ್ಕೂಟರ್‌ನಲ್ಲಿ ಬರಬೇಡಿ, ರಿಕ್ಷಾ ಹಿಡಿದು ಬನ್ನಿ.

ನರವಿಭಾಗ, ಪರೇಲ್:

ಮೇಲಿನ ಮೇಡಂ ಹಣೆಯ ವಿಷಯ ಚೆನ್ನಾಗಿ ಬರೆದಿದ್ದಾರೆ, ನಾನು ಅತ್ತೆಯವರ ವಿಷಯಕ್ಕೆ ಬರುತ್ತೇನೆ.

ಹೆಮಿಫೇಶಿಯಲ್ ಸ್ಪಾಸಂನಲ್ಲಿ ಸಾಮಾನ್ಯ ಕಾರಣ, ಮಿದುಳಕಾಂಡದಿಂದ ಮುಖದ ನರ ಹೊರಡುವ ಜಾಗದಲ್ಲಿ ಒಂದು ರಕ್ತನಾಳ ಬಾಗಿ ಬಂದು ಅದಕ್ಕೆ ಬಡಿಯುತ್ತಿರುವುದು. ಗಡ್ಡೆ ಮುಂತಾದವನ್ನು ತಳ್ಳಿಹಾಕಲು ಎಂಆರ್‌ಐ ಬೇಕು, ಅದನ್ನು ಮಾಡಿಸಿದ್ದು ಸರಿಯಾಯಿತು. ಟಾಕ್ಸಿನ್ ಕಾರಣವನ್ನು ತೆಗೆಯುವುದಿಲ್ಲ, ಸೆಳೆತವನ್ನು ಹಿಡಿಯುತ್ತದೆ. ಕಾರಣ ತೆಗೆಯಬೇಕೆಂದರೆ ತಲೆಬುರುಡೆ ತೆರೆದು ರಕ್ತನಾಳವನ್ನು ನರದಿಂದ ಬೇರ್ಪಡಿಸುವ ಶಸ್ತ್ರಚಿಕಿತ್ಸೆ ಇದೆ, ಅದರಲ್ಲಿ ಆ ಬದಿಯ ಕಿವಿ ಕೇಳಿಸದಾಗುವ ಅಪಾಯವೂ ಇದೆ. 61ರ ವಯಸ್ಸಿನಲ್ಲಿ, ಹೃದಯದ ಮಾತ್ರೆ ನಡೆಯುತ್ತಿರುವಾಗ, ಮೊದಲು ಇಂಜೆಕ್ಷನ್ ನೋಡುವುದೇ ಸೂಕ್ತ ಎಂದು ನನ್ನ ಅಭಿಪ್ರಾಯ.

"ಕಾಲು ಭಾಗ" ಎಂದದ್ದು ಲೆಕ್ಕಕ್ಕೆ ಹೊಂದುತ್ತದೆ. ಕಣ್ಣಿನ ಸುತ್ತ ಒಂದೊಂದು ಜಾಗಕ್ಕೆ 1.25ರಿಂದ 2.5 ಯೂನಿಟ್‌ನಿಂದ ಆರಂಭಿಸುತ್ತಾರೆ, ಮುಖದ ಒಂದು ಬದಿಗೆ ಒಟ್ಟು ಹೆಚ್ಚಾಗಿ 15ರಿಂದ 30ರೊಳಗೆ ಮುಗಿಯುತ್ತದೆ. ಜಾಗದ ಆಯ್ಕೆಯೇ ಇಲ್ಲಿ ಕೈಚಳಕ. ಮೇಲ್ರೆಪ್ಪೆಯಲ್ಲಿ ಒಳತುದಿ, ಹೊರತುದಿ ಮಾತ್ರ. ನಡುವೆ ಚುಚ್ಚಿದರೆ ಅದರ ಹಿಂದೆಯೇ ಲಿವೇಟರ್ ಇದೆ, ರೆಪ್ಪೆ ಜೋತುಬೀಳುತ್ತದೆ. ಕೆಳರೆಪ್ಪೆಯಲ್ಲಿ ಹೊರಭಾಗ ಮಾತ್ರ. ಮೂಗಿನ ಕಡೆಗೆ ಹಾಕಿದರೆ ಕಣ್ಣುಗುಡ್ಡೆ ತಿರುಗಿಸುವ ಸ್ನಾಯುವಿಗೆ ತಗುಲಿ ಒಂದು ಎರಡಾಗಿ ಕಾಣಬಹುದು. ಅನೇಕ ವೈದ್ಯರು ಮೊದಲ ಸಲ ಕೆನ್ನೆಯನ್ನು ಬಿಟ್ಟುಬಿಡುತ್ತಾರೆ ಅಥವಾ ಬಹಳ ಕಡಿಮೆ ಹಾಕುತ್ತಾರೆ. ಕೆನ್ನೆಯ ಸ್ನಾಯು ಹೆಚ್ಚು ಸಡಿಲವಾದರೆ ನಗುವಾಗ ಬಾಯಿ ಒಂದು ಕಡೆ ಇಳಿಯುತ್ತದೆ, ಬಾಯಿ ಮುಕ್ಕಳಿಸಿದರೆ ನೀರು ಸೋರುತ್ತದೆ. ಕೆನ್ನೆಯ ಎಳೆತ ಸ್ವಲ್ಪ ಉಳಿದರೂ ಕಣ್ಣು ತೆರೆದಿದ್ದರೆ ಓದಲು, ರಸ್ತೆ ದಾಟಲು ತೊಂದರೆ ಇರುವುದಿಲ್ಲ. ಉಳಿದದ್ದನ್ನು ಮುಂದಿನ ಸಲ ಹೊಂದಿಸಿಕೊಳ್ಳಬಹುದು.

ಇಕೋಸ್ಪ್ರಿನ್ ನೀವಾಗಿ ನಿಲ್ಲಿಸಬೇಡಿ. ಸೂಜಿ 30 ಗೇಜ್, ಚರ್ಮದ ಕೆಳಗಷ್ಟೇ ಹೋಗುತ್ತದೆ. ಹೆಚ್ಚೆಂದರೆ ನೀಲಿ ಕಲೆ ಆಗುತ್ತದೆ. ಉಜ್ಜದೆ ಹತ್ತಿಯಿಂದ ಎರಡು ನಿಮಿಷ ಒತ್ತಿ ಹಿಡಿದರೆ ಅದೂ ಕಡಿಮೆ. ಆದರೆ ರಕ್ತ ತೆಳುಮಾಡುವ ವಾರ್ಫರಿನ್‌ನಂಥದ್ದು ಇದ್ದರೆ ಮೊದಲೇ ಹೇಳಬೇಕು. ಮಯಸ್ತೇನಿಯಾ ಗ್ರಾವಿಸ್ ಅಥವಾ ಬೇರೆ ನರ–ಸ್ನಾಯು ಕಾಯಿಲೆ ಇದೆಯೇ, ಜೆಂಟಾಮೈಸಿನ್, ಅಮಿಕಾಸಿನ್, ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್ ನಡೆಯುತ್ತಿದೆಯೇ ಎಂಬುದನ್ನೂ ಹೇಳಿ. ಈ ಆಂಟಿಬಯೋಟಿಕ್‌ಗಳು ಟಾಕ್ಸಿನ್‌ನ ಬಲ ಹೆಚ್ಚಿಸುತ್ತವೆ.

ನನ್ನ ಕಳಕಳಿ ಕಣ್ಣಿನ ಒಣಗುವಿಕೆಯ ಬಗ್ಗೆ. ಜೋತುಬಿದ್ದ ರೆಪ್ಪೆಗೆ ಎಲ್ಲರೂ ಹೆದರುತ್ತಾರೆ, ಆದರೆ ಪೂರ್ತಿ ಮುಚ್ಚದ ರೆಪ್ಪೆ ಅದಕ್ಕಿಂತ ಅಪಾಯ. ಮಿಟುಕಿಸುವುದು ಕಡಿಮೆಯಾಗಿ ಕಾರ್ನಿಯಾ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ಒಣಗಿದರೆ ಹುಣ್ಣಾಗಬಹುದು. ಹಗಲು ಸಂರಕ್ಷಕವಿಲ್ಲದ ಕಣ್ಣೀರ ಹನಿ, ರಾತ್ರಿ ಮಲಗುವಾಗ ಜೆಲ್ ಅಥವಾ ಮುಲಾಮು. ಲೋಕಲ್ ರೈಲಿನಲ್ಲಿ ಕಿಟಕಿ ಪಕ್ಕ ಗಾಳಿಗೆ ಮುಖ ಕೊಟ್ಟು ಕೂರಿಸಬೇಡಿ, ಹೊರಗೆ ಹೋಗುವಾಗ ಕನ್ನಡಕ ಇರಲಿ. ಕಣ್ಣು ಕೆಂಪಾಗಿ ನೋವು, ಬೆಳಕು ಸಹಿಸದಿರುವುದು ಶುರುವಾದರೆ ಅದೇ ದಿನ ಕಣ್ಣಿನ ವೈದ್ಯರಿಗೆ ತೋರಿಸಿ. ನುಂಗಲು, ಮಾತಾಡಲು, ಉಸಿರಾಡಲು ಕಷ್ಟವಾದರೆ ತುರ್ತುವಿಭಾಗಕ್ಕೆ. ಈ ಸಣ್ಣ ಪ್ರಮಾಣದಲ್ಲಿ ಅದು ಬಹಳ ಅಪರೂಪ, ಆದರೆ ಕೆಲವು ಗಂಟೆಗಳಿಂದ ಹಿಡಿದು ಕೆಲವು ವಾರಗಳ ನಂತರವೂ ಬರಬಹುದಾದ್ದರಿಂದ ಮನೆಯವರಿಗೆ ಗೊತ್ತಿರಬೇಕು.

ಡೊಂಬಿವಲಿ ದಾಸವಾಳ:

ಇಬ್ಬರಿಗೂ ತುಂಬಾ ಧನ್ಯವಾದ. ವಯಲ್ ಹಂಚೋ ಯೋಚನೆ ಬಿಟ್ಟೆ. ಹಾಗಾದರೆ 50 ಯೂನಿಟ್ ವಯಲ್ ತರಬಹುದಾ? ಔಷಧಿ ನಾವೇ ತಂದುಕೊಡಬೇಕು ಅಂದಿದ್ದಾರೆ. ಡೊಂಬಿವಲಿಯಿಂದ ಪರೇಲ್‌ನ ಆಸ್ಪತ್ರೆಗೆ ಈ ಸೆಖೆಯಲ್ಲಿ ಒಯ್ಯೋದು ಹೇಗೆ? ಇನ್ಶೂರೆನ್ಸ್ ಸಿಗುತ್ತದಾ? ಮತ್ತೆ ಪಾರ್ಲರ್‌ನವರು "ನಮ್ಮದು 40 ಯೂನಿಟ್" ಅಂದಿದ್ದಾರೆ, ಆದರೆ ಬ್ರ್ಯಾಂಡ್ ಹೇಳಲಿಲ್ಲ.

ಮಾಟುಂಗಾ ಫಾರ್ಮಸಿ:

ಬ್ರ್ಯಾಂಡ್ ಹೇಳದ ಯೂನಿಟ್‌ಗೆ ಅರ್ಥವೇ ಇಲ್ಲ ಅಕ್ಕಾ. ಹುಬ್ಬಿನ ನಡುವಿಗೆ ಬೋಟಾಕ್ಸ್ ಆದರೆ 20, ಡಿಸ್ಪೋರ್ಟ್ (ಇದೇ ಟಾಕ್ಸಿನ್‌ನ ಇನ್ನೊಂದು ಬ್ರ್ಯಾಂಡ್) ಆದರೆ 50. ಎರಡೂ ಅಂಗೀಕೃತ ಪ್ರಮಾಣವೇ. ಒಂದು ಕಂಪನಿಯ ಯೂನಿಟ್ ಇನ್ನೊಂದರ ಯೂನಿಟ್‌ಗೆ ಸಮ ಅಲ್ಲ. "40" ಅಂದವರು ಡಿಸ್ಪೋರ್ಟ್ ಹಾಕಿದರೆ ಹಣೆ, ಹುಬ್ಬು ಎರಡಕ್ಕೂ ಸಾಲದು. ಇನ್ನೊಂದು, ಡಿಸ್ಪೋರ್ಟ್‌ನಲ್ಲಿ ಹಾಲಿನ ಸಕ್ಕರೆ ಇದೆ, ಹಸುವಿನ ಹಾಲಿನ ಪ್ರೋಟೀನ್ ಅಲರ್ಜಿ ಇರುವವರಿಗೆ ಅದು ಕೂಡದು.

ಪಾರ್ಲರ್‌ಗೆ ಹೋಗಲೇಬೇಡಿ. ಇದು ಮೈಮೇಲೆ ಹಚ್ಚುವ ಸೌಂದರ್ಯವರ್ಧಕ ಅಲ್ಲ. ಸೂಜಿಯಲ್ಲಿ ಒಳಗೆ ಹೋಗುವುದು ಔಷಧ, ಅದನ್ನು ಕೊಡಬೇಕಾದವರು ನೋಂದಾಯಿತ ವೈದ್ಯರು. ಮಹಾರಾಷ್ಟ್ರ ಮೆಡಿಕಲ್ ಕೌನ್ಸಿಲ್ ನೋಂದಣಿ ಸಂಖ್ಯೆ ಕೇಳಿ. ನಕಲಿ ಮಾಲಿನ ಭಯ ಸುಳ್ಳಲ್ಲ: 2024ರ ಏಪ್ರಿಲ್‌ನಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಎಚ್ಚರಿಕೆ ಕೊಟ್ಟಾಗ 11 ರಾಜ್ಯಗಳ 22 ಮಂದಿ ನಕಲಿ ಅಥವಾ ಸರಿಯಾಗಿ ನಿರ್ವಹಿಸದ ಇಂಜೆಕ್ಷನ್‌ನಿಂದ ಕಾಯಿಲೆ ಬಿದ್ದಿದ್ದರು. ಅವರಲ್ಲಿ ಹಲವರು ಹಾಕಿಸಿಕೊಂಡದ್ದು ವೈದ್ಯರಲ್ಲದವರ ಕೈಯಲ್ಲಿ ಅಥವಾ ಮನೆಯಂಥ ಜಾಗದಲ್ಲಿ.

50ರ ವಯಲ್ ಸಾಕು ಅನಿಸುತ್ತದೆ, ಆದರೆ ಡಾಕ್ಟರನ್ನು ಕೇಳಿಯೇ ತನ್ನಿ. ಚೀಟಿಯಲ್ಲಿ ಬ್ರ್ಯಾಂಡ್, ಯೂನಿಟ್ ಎರಡೂ ಬರೆಸಿ. ಸಾಗಿಸಲು ಥರ್ಮಾಕೋಲ್ ಡಬ್ಬಿ, ಜೆಲ್ ಪ್ಯಾಕ್. ವಯಲ್‌ನ ಪೆಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿ, ಜೆಲ್ ಪ್ಯಾಕ್ ನೇರ ತಾಗದಂತೆ ಇಡಿ. ಸಾಧ್ಯವಾದರೆ ಆಸ್ಪತ್ರೆಯ ಹತ್ತಿರದ ಅಂಗಡಿಯಲ್ಲೇ ಮುಂಚಿತವಾಗಿ ಹೇಳಿ, ಆ ದಿನ ಬೆಳಿಗ್ಗೆ ಕೊಂಡು ನೇರ ಒಯ್ಯಿರಿ, ಅದೇ ಸುರಕ್ಷಿತ. ಪೆಟ್ಟಿಗೆಯ ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಬಿಲ್‌ನಲ್ಲೂ ಇರಬೇಕು. ವಯಲ್ ತಳದಲ್ಲಿ ಪುಡಿ ಕಾಣುವುದೇ ಕಷ್ಟ, ಬರೀ ಮಸುಕು ಪದರ ಇರುತ್ತದೆ. ಖಾಲಿ ಅಂತ ಹೆದರಬೇಡಿ. ಬೆರೆಸುವಾಗ ಒಳಗಿನ ನಿರ್ವಾತ ಸಲೈನನ್ನು ತಾನೇ ಎಳೆದುಕೊಳ್ಳಬೇಕು. ಎಳೆಯದಿದ್ದರೆ ಆ ವಯಲ್ ಬಳಸಬಾರದು. ಜೋರಾಗಿ ಕುಲುಕುವುದಿಲ್ಲ, ಮೆಲ್ಲಗೆ ತಿರುಗಿಸುತ್ತಾರೆ.

ಇನ್ಶೂರೆನ್ಸ್: ಸೌಂದರ್ಯ ಚಿಕಿತ್ಸೆಯನ್ನು ಪಾಲಿಸಿಗಳು ಹೊರಗಿಟ್ಟಿರುತ್ತವೆ. ಚೀಟಿಯಲ್ಲಿ "ಬೋಟಾಕ್ಸ್" ಎಂದಷ್ಟೇ ಇದ್ದರೆ ಟೇಬಲ್ ಆಚೆಯವರು ಸುಕ್ಕು ಅಂತಲೇ ತಿಳಿದು ತಳ್ಳುತ್ತಾರೆ. ಕಾಯಿಲೆಯ ಹೆಸರು, ಯಾವ ಬದಿ, ಎಂಆರ್‌ಐ ವರದಿ ಜೊತೆಗಿರಲಿ. ಹೊರರೋಗಿಯಾಗಿ ಹಾಕಿಸಿದರೆ ನಿಮ್ಮ ಪಾಲಿಸಿ ಕೊಡುತ್ತದೆಯೇ ಎಂದು ಟಿಪಿಎಗೆ (ಇನ್ಶೂರೆನ್ಸ್ ಕ್ಲೇಮ್ ನೋಡಿಕೊಳ್ಳುವ ಸಂಸ್ಥೆ) ಮುಂಚೆಯೇ ಇಮೇಲ್ ಮಾಡಿ, ಉತ್ತರ ಬರಹದಲ್ಲಿ ತಗೊಳ್ಳಿ.

ಚೆಂಬೂರ್ ಬಾಲು:

ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ಕಂಕುಳ ಬೆವರಿಗೂ ಇದೇ ಇಂಜೆಕ್ಷನ್ ಅಂತಾರಲ್ಲ, ನಿಜವಾ? ಆಫೀಸಿಗೆ ಹೋಗೋ ಹೊತ್ತಿಗೆ ಅಂಗಿ ಪೂರ್ತಿ ಒದ್ದೆ. ನಮ್ಮ ಅಕ್ಕನಿಗೆ ಮೈಗ್ರೇನ್, ಅವಳಿಗೂ ಹೇಳಿದ್ದಾರೆ.

ಚರ್ಮವೈದ್ಯೆ, ಪುಣೆ:

ನಿಜ. ಬೆವರಿನ ಗ್ರಂಥಿಗೂ ಅಪ್ಪಣೆ ಕೊಡುವುದು ಅಸಿಟೈಲ್‌ಕೋಲಿನ್ನೇ. ಆದರೆ ಮೊದಲು ಅಲ್ಯೂಮಿನಿಯಂ ಕ್ಲೋರೈಡ್ ದ್ರಾವಣ 20 ಶೇಕಡಾ, ರಾತ್ರಿ ಪೂರ್ತಿ ಒಣಗಿದ ಕಂಕುಳಿಗೆ ಹಚ್ಚಿ ಬೆಳಿಗ್ಗೆ ತೊಳೆಯಿರಿ. ಒದ್ದೆಯ ಮೇಲೆ ಹಚ್ಚಿದರೆ ಉರಿಯುತ್ತದೆ, ಜನ ಬಿಟ್ಟುಬಿಡುವುದು ಅದಕ್ಕೇ. ಥೈರಾಯ್ಡ್ ಪರೀಕ್ಷೆಯೂ ಆಗಲಿ. ಇದರಿಂದ ಆಗದಿದ್ದರೆ ಬೋಟಾಕ್ಸ್ 50 ಯೂನಿಟ್ ಒಂದೊಂದು ಕಂಕುಳಿಗೆ, 10ರಿಂದ 15 ಜಾಗದಲ್ಲಿ, ಒಂದೆರಡು ಸೆಂ.ಮೀ. ಅಂತರದಲ್ಲಿ, ಸ್ನಾಯುವಿಗಲ್ಲ, ಚರ್ಮದೊಳಗೇ. ಎಲ್ಲಿ ಬೆವರುತ್ತದೆ ಎಂದು ತಿಳಿಯಲು ಅಯೋಡಿನ್ ಬಳಿದು ಒಣಗಿಸಿ, ಮೇಲೆ ಪಿಷ್ಟದ ಪುಡಿ ಉದುರಿಸುತ್ತಾರೆ. ಬೆವರಿದ ಕಡೆ ಕಪ್ಪುನೀಲಿ ಆಗುತ್ತದೆ, ಅದರ ಸುತ್ತ ಪೆನ್ನಿನಿಂದ ಗೆರೆ. ಹಿಂದಿನ ದಿನ ಕೂದಲು ತೆಗೆದಿರಬೇಕು, ಡಿಯೋಡರೆಂಟ್ ಬಳಸಿರಬಾರದು. ಸುಮಾರು ಆರು ತಿಂಗಳು ನಡೆಯುತ್ತದೆ, ಆದ್ದರಿಂದ ಮುಂಬೈಯವರು ಮಾರ್ಚ್‌ನಲ್ಲಿ ಹಾಕಿಸಿದರೆ ಸೆಖೆ, ಮಳೆ ಎರಡನ್ನೂ ದಾಟಬಹುದು. ಅಂಗೈಗೂ ಹಾಕುತ್ತಾರೆ, ಆದರೆ ನೋವು ಜಾಸ್ತಿ, ಹಿಡಿತ ಕೆಲವು ವಾರ ಸಡಿಲವಾಗಬಹುದು. ಕೈಕೆಲಸದವರು ಯೋಚಿಸಿ.

ನರವಿಭಾಗ, ಪರೇಲ್:

ಬಾಲು ಅವರೇ, ಅಕ್ಕನಿಗೆ ತಿಂಗಳಲ್ಲಿ 15 ಅಥವಾ ಹೆಚ್ಚು ದಿನ ತಲೆನೋವು, ಅದರಲ್ಲಿ ಕನಿಷ್ಠ 8 ದಿನ ಮೈಗ್ರೇನ್ ಲಕ್ಷಣ, ಹೀಗೆ ಮೂರು ತಿಂಗಳಿಗೂ ಮೀರಿ ನಡೆದಿದ್ದರೆ ಮಾತ್ರ ಇದು. ತಿಂಗಳಿಗೆ ನಾಲ್ಕೈದು ಸಲ ಬರುವ ಮೈಗ್ರೇನ್‌ಗೆ ಇದರಿಂದ ಪ್ರಯೋಜನ ಸಾಬೀತಾಗಿಲ್ಲ. ಮೊದಲು ಒಂದು ಕ್ಯಾಲೆಂಡರ್‌ನಲ್ಲಿ ನೋವಿನ ದಿನ, ನುಂಗಿದ ಮಾತ್ರೆ ಗುರುತು ಹಾಕಲಿ. ನೋವಿನ ಮಾತ್ರೆ ಅತಿಯಾದದ್ದೇ ಕಾರಣ ಎಂದು ಎಷ್ಟೋ ಸಲ ಅಲ್ಲೇ ಗೊತ್ತಾಗುತ್ತದೆ. ಪ್ರಮಾಣ 155 ಯೂನಿಟ್, 31 ಜಾಗ, ಒಂದೊಂದಕ್ಕೆ 5: ಹುಬ್ಬಿನ ನಡುವೆ 15, ಹಣೆಗೆ 20, ಕಣತಲೆಗೆ ಎರಡೂ ಬದಿ ಸೇರಿ 40, ತಲೆಯ ಹಿಂಭಾಗ 30, ಕತ್ತಿಗೆ 20, ಹೆಗಲಿಗೆ 30. 12 ವಾರಕ್ಕೊಮ್ಮೆ. ಒಂದೇ ಸಲಕ್ಕೆ ನಿರ್ಧರಿಸಬೇಡಿ, ಕನಿಷ್ಠ ಎರಡು ಸುತ್ತು ನೋಡಿ. ಕತ್ತು ತೆಳ್ಳಗಿರುವವರಿಗೆ ಅಲ್ಲಿ ಕೆಳಗೆ ಚುಚ್ಚಿದರೆ ತಲೆ ಎತ್ತಿ ಹಿಡಿಯಲು ಆಯಾಸವಾಗುತ್ತದೆ.

ಒಂದು ಲೆಕ್ಕ ಎಲ್ಲರೂ ಇಟ್ಟುಕೊಳ್ಳಿ. ಮೈಗ್ರೇನ್, ಬೆವರು, ಸುಕ್ಕು ಬೇರೆ ಬೇರೆ ವೈದ್ಯರ ಹತ್ತಿರ ಆದರೂ ದೇಹ ಒಂದೇ. ಬೋಟಾಕ್ಸ್ ಆದರೆ ಎಲ್ಲ ಸೇರಿ ಮೂರು ತಿಂಗಳಲ್ಲಿ ವಯಸ್ಕರಿಗೆ 400 ಯೂನಿಟ್ ಮೀರಬಾರದು. ಮೈಗ್ರೇನ್‌ಗೆ ಹಾಕಿಸಿಕೊಂಡವರ ಹಣೆಗೆ ಈಗಾಗಲೇ 20 ಬಿದ್ದಿರುತ್ತದೆ. ಅದನ್ನು ಹೇಳದೆ ಚರ್ಮದ ಕ್ಲಿನಿಕ್‌ನಲ್ಲಿ ಮತ್ತೆ 20 ಹಾಕಿಸಿದರೆ ಹುಬ್ಬು ಇಳಿಯುತ್ತದೆ. ಮೂರು ತಿಂಗಳೊಳಗೆ ಪದೇ ಪದೇ ಹಾಕಿಸಿದರೆ ದೇಹ ಪ್ರತಿಕಾಯ ಬೆಳೆಸಿಕೊಂಡು ಔಷಧಿಯೇ ನಾಟದಂತಾಗಬಹುದು. ಸುಕ್ಕಿನ ಆಸೆಗೆ ಚಿಕಿತ್ಸೆಯ ದಾರಿ ಮುಚ್ಚಿಕೊಳ್ಳಬಾರದು.

ದಾಸವಾಳ ಅವರೇ, ಇಂಜೆಕ್ಷನ್ ದಿನಕ್ಕೆ ಮುಂಚೆ ಅತ್ತೆಯವರ ಮುಖದ ಒಂದು ನಿಮಿಷದ ವಿಡಿಯೋ ತೆಗೆದಿಡಿ. ಸುಮ್ಮನೆ ಕೂತಾಗ, ಕಣ್ಣು ಬಿಗಿಯಾಗಿ ಮುಚ್ಚಿ ತೆರೆದಾಗ, ಹಲ್ಲು ಬಿಟ್ಟು ನಕ್ಕಾಗ. ಎರಡು ವಾರಕ್ಕೆ, ಆರು ವಾರಕ್ಕೆ ಅದನ್ನೇ ಮತ್ತೆ ತೆಗೆಯಿರಿ. ಹಾಕಿದ ವೈದ್ಯರಿಂದ ಜಾಗ ಮತ್ತು ಯೂನಿಟ್ ಗುರುತಿಸಿದ ಮುಖದ ನಕ್ಷೆಯ ಫೋಟೋ ಕೇಳಿ ಪಡೆಯಿರಿ. ಮುಂದಿನ ಸಲ ಕೆನ್ನೆಗೆ ಎಷ್ಟು ಸೇರಿಸಬೇಕು, ರೆಪ್ಪೆಯಲ್ಲಿ ಎಲ್ಲಿ ಕಡಿಮೆ ಮಾಡಬೇಕು ಎನ್ನುವುದನ್ನು ಆ ಎರಡನ್ನೂ ನೋಡಿಯೇ ನಿರ್ಧರಿಸುತ್ತಾರೆ.

ಡೊಂಬಿವಲಿ ದಾಸವಾಳ:

ವಿಡಿಯೋ ಇವತ್ತೇ ತೆಗೆಯುತ್ತೇನೆ. ಕನ್ನಡಿ ಪರೀಕ್ಷೆ ಮಾಡಿ ನೋಡಿದೆ, ರೆಪ್ಪೆ ಪಾಪೆಯ ಅಂಚಿಗೆ ಬಂದು ಕೂತಿತು. ಹಣೆಯ ವಿಷಯ ಸದ್ಯಕ್ಕೆ ಬಿಟ್ಟೆ.